ತುಂಬಿದ ಬಲೆ, ಬರಿದಾದ ಕಡಲು

ಮತ್ಸ್ಯಾಹಾರವನ್ನು ತ್ಯಜಿಸಿದವರಿಗೆ ಕಡಲಿನ ಅಳಿವು ಉಳಿವಿನ ಚಿಂತೆ ಏಕೆ ಎಂಬ ಪ್ರಶ್ನೆ ಸಹಜವಾದುದು. ಆದರೆ ಜಗತ್ತಿನಲ್ಲಿ ಉತ್ಪತ್ತಿಯಾಗುವ ಪ್ರಾಣವಾಯುವಿನ ಸುಮಾರು ಅರ್ಧಭಾಗ ಕಡಲಿನ ಜೀವಿಗಳದು; ಅವುಗಳಲ್ಲಿ ಬಹುಪಾಲು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದವು. ಮೀನನ್ನು ಮುಟ್ಟದವನೂ ಕಡಲಿಗೆ ಋಣಿಯೇ.

ಈ ಋಣವನ್ನು ಮರೆತರೆ ಏನಾಗುವುದೆಂಬುದಕ್ಕೆ ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ದ್ವೀಪವೇ ನಿದರ್ಶನ. ಅಲ್ಲಿಯ ಜನರ ಬದುಕು ಶತಮಾನಗಳಿಂದ ‘ಕಾಡ್’ ಎಂಬ ಮೀನನ್ನು ಅವಲಂಬಿಸಿತ್ತು. ಆ ಮೀನಿನ ಸಂಪತ್ತು ಎಂದಿಗೂ ಬತ್ತದೆಂದು 1883ರಲ್ಲಿ ಟಿ. ಎಚ್. ಹಕ್ಸ್‌ಲಿಯಂತಹ ವಿಜ್ಞಾನಿಯೇ ನಂಬಿದ್ದರು. 1950ರ ದಶಕದಿಂದ ಕಾರ್ಖಾನೆಗಳಂತಹ ಹಡಗುಗಳು ಬಂದವು. 1968ರಲ್ಲಿ ಹಿಡಿದ ಕಾಡ್ ಮೀನಿನ ಪ್ರಮಾಣ 8 ಲಕ್ಷ ಟನ್ನಿಗೂ ಏರಿತು. 1977ರಲ್ಲಿ ಕೆನಡಾ ತನ್ನ ಕಡಲಿನ ಎಲ್ಲೆಯನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿ ವಿದೇಶೀ ಹಡಗುಗಳನ್ನು ನಿಯಂತ್ರಿಸಿತು. ಆ ಸ್ಥಾನವನ್ನು ಸ್ವದೇಶದ ಹಡಗುಗಳು ತುಂಬಿದವು.

1980ರ ದಶಕದಲ್ಲಿ ದಡದ ಸಣ್ಣ ಮೀನುಗಾರರು ಮೀನು ಕ್ಷೀಣಿಸುತ್ತಿದೆಯೆಂದು ಎಚ್ಚರಿಸಿದರು. ಆದರೆ ಅಳಿದುಳಿದ ಮೀನುಗಳು ಒಂದೆಡೆ ಗುಂಪುಗೂಡುತ್ತಿದ್ದುದರಿಂದ ದೊಡ್ಡ ಹಡಗುಗಳ ಬಲೆ ತುಂಬುತ್ತಲೇ ಇತ್ತು. ಬಲೆ ತುಂಬಿದುದನ್ನು ಕಂಡು ಕಡಲೂ ತುಂಬಿದೆಯೆಂದು ಲೆಕ್ಕ ಹಾಕಲಾಯಿತು. ಕೊನೆಗೆ 1992ರ ಜುಲೈ 2ರಂದು ಸರಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30 ಸಾವಿರ ಜನರ ಜೀವನೋಪಾಯ ಹೋಯಿತು. ಎಚ್ಚರಿಸಿದವರೂ, ಕಡಿಮೆ ಹಿಡಿದವರೂ ಅವರಲ್ಲಿದ್ದರು. ನಿಷೇಧ ಕೊನೆಗೊಂಡುದು 2024ರಲ್ಲಿ; ಆಗಲೂ ಆ ವರ್ಷಕ್ಕೆ ಅನುಮತಿ ದೊರೆತುದು 18 ಸಾವಿರ ಟನ್ನಿಗೆ ಮಾತ್ರ.

ಲಾಭವು ಲೋಭದ ಪರಿಣಾಮವನ್ನು ಕೊನೆಯವರೆಗೂ ಮರೆಮಾಚುತ್ತದೆ ಎಂಬುದೇ ಇಲ್ಲಿಯ ಪಾಠ. ಸಮೃದ್ಧಿಯಲ್ಲಿ ತಾನಾಗಿ ಹಾಕಿಕೊಂಡ ಮಿತಿ ವ್ರತವೆನಿಸುತ್ತದೆ. ಅಭಾವವು ಹೇರಿದ ಮಿತಿ ಬರಿಯ ನಿರ್ಬಂಧ. ಪರಿಗ್ರಹಕ್ಕೆ ಪರಿಮಾಣವನ್ನು ಶ್ರಾವಕನು ಗೊತ್ತುಮಾಡಿಕೊಳ್ಳಬೇಕಾದುದು ಕೈ ಬರಿದಾದಾಗಲ್ಲ, ಕೈ ತುಂಬಿರುವಾಗ.

ಬಲೆ ಬೀಸದವರೂ ಈ ಹೊಣೆಯಿಂದ ಮುಕ್ತರಲ್ಲ. ಮನುಷ್ಯನು ಹೊರಸೂಸುವ ಇಂಗಾಲಾಮ್ಲದಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಅದರಿಂದ ನೀರಿನ ಆಮ್ಲೀಯತೆ ಹೆಚ್ಚಿ, ಚಿಪ್ಪುಜೀವಿಗಳಿಗೆ ತಮ್ಮ ಕವಚವನ್ನು ಕಟ್ಟಿಕೊಳ್ಳುವುದೇ ಕಷ್ಟವಾಗುತ್ತಿದೆ. ನಮ್ಮ ಮನೆಯ ದೀಪ, ವಾಹನ, ಉತ್ಸವಗಳ ಆಡಂಬರ ಇವೆಲ್ಲಕ್ಕೂ ಅದರಲ್ಲಿ ಪಾಲಿದೆ. ಊಟದ ಎಲೆಯಲ್ಲಿ ಪಾಲಿಸಿದ ಅಹಿಂಸೆಯನ್ನು ಬಳಕೆಯ ಲೆಕ್ಕಕ್ಕೂ ವಿಸ್ತರಿಸಿದಾಗಲೇ ಅದು ಪೂರ್ಣವಾದೀತು.