ಉಬ್ಬಸವನ್ನು ಯಾರಿಗೆ ಹೇಳಬೇಕು?

ಇಂದಿನ ಚಿಂತನೆ ಸ್ವಲ್ಪ ಉದ್ದವಾಗಿದೆ. ಬಿಡುವಾದಾಗ ಓದಿ.

ಹೋದ ವಾರ ಪಂಚಶೀಲದ ನಾಲ್ಕನೆಯ ಶೀಲದ ಬಗ್ಗೆ ಮಾತಾಡುವಾಗ ಒಬ್ಬರು ಕೇಳಿದ್ದರು: ಯಾರೂ ಕೇಳದೇ ಇದ್ದದ್ದನ್ನು ನಾವಾಗಿ ಹೇಳದಿದ್ದರೆ ಅದೂ ಸುಳ್ಳೇ? ಆ ದಿನ ನಾನು ಸುಮ್ಮನಿದ್ದೆ. ಯಾಕೆಂದರೆ ನಾನು ಕೇಳಿದಾಗಲೇ ಸುಳ್ಳು ಹೇಳಿದವನು.

ಕಟ್ಟಾಯದ ನಮ್ಮ ಮನೆಯಲ್ಲಿ ಉಬ್ಬಸ ಇಬ್ಬರಿಗೆ, ನನಗೆ ಮತ್ತು ನನ್ನ ತಮ್ಮನ ಮಗಳಿಗೆ. ನಮ್ಮ ಕಡೆ ಇದಕ್ಕೆ ದಮ್ಮು ಅಂತಲೂ ಅನ್ನುತ್ತಾರೆ. ಧಮ್ಮ ಓದಲು ಶುರು ಮಾಡಿದಾಗ, ಒಂದು ಮೊದಲೇ ಇತ್ತು, ಇನ್ನೊಂದು ಈಗ ಬಂತು ಎಂದು ನನ್ನಷ್ಟಕ್ಕೆ ನಕ್ಕಿದ್ದೆ. ರಾಗಿ ಒಕ್ಕಣೆ ಕಾಲ ಬಂತೆಂದರೆ ನಮ್ಮಿಬ್ಬರಿಗೂ ಕಷ್ಟ. ಬೆಳಗಿನ ಮಂಜು, ರಸ್ತೆ ಮೇಲೆ ಹರಡಿದ ರಾಗಿ ಹುಲ್ಲನ್ನು ತುಳಿದು ಹೋಗುವ ಬಸ್ಸು ಎಬ್ಬಿಸುವ ದೂಳು, ಬಚ್ಚಲ ಒಲೆಯ ಹೊಗೆ, ಮೂರೂ ಒಟ್ಟಿಗೆ ಬರುತ್ತವೆ. ಬೇಲಿಸಾಲಿನಲ್ಲಿ ಕಾಂಗ್ರೆಸ್ ಗಿಡ ಬೇರೆ. ಅದನ್ನು ತಿನ್ನಲಿ ಎಂದು ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ತಿನ್ನುತ್ತಲೇ ಇದೆ, ಗಿಡ ಬೆಳೆಯುತ್ತಲೇ ಇದೆ.

ಮೇಷ್ಟ್ರ ಕೆಲಸದ ಅಷ್ಟೂ ವರ್ಷ ನಾನು ಇನ್‌ಹೇಲರನ್ನು ಚೀಲದ ತಳದಲ್ಲಿ ಟವೆಲ್‌ನಲ್ಲಿ ಸುತ್ತಿಟ್ಟುಕೊಂಡೆ. ಸೀಮೆಸುಣ್ಣದ ಪುಡಿಗೆ ಎದೆ ಬಿಗಿದರೆ ಕೊಠಡಿಯ ಹಿಂದಕ್ಕೆ ಹೋಗಿ ಎಳೆದುಕೊಂಡು ಬರುತ್ತಿದ್ದೆ. ಅದು ಕೊನೆಗಾಲದ ಔಷಧಿ, ಒಮ್ಮೆ ಹಿಡಿದರೆ ಬಿಡಲಾಗುವುದಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಅದೇ ಜನ ಅಂಗಡಿಯಿಂದ ಉಬ್ಬಸದ ಮಾತ್ರೆ ತಂದು ಗುಟ್ಟಾಗಿ ನುಂಗುತ್ತಾರೆ. ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ. ಇನ್‌ಹೇಲರಿನ ಒಂದು ಎಳೆತದಲ್ಲಿ ಅದೇ ಔಷಧಿ 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಅದೂ ಬೇಕಾದ ಜಾಗಕ್ಕೇ ಹೋಗುತ್ತದೆ. ಇದು ಗೊತ್ತಿದ್ದೂ ನಾನು ಮರೆಸಿದೆ.

ತಮ್ಮನ ಮಗಳದ್ದು ಎರಡು ಇನ್‌ಹೇಲರ್. ಒಂದು, ಬಿಗಿದಾಗ ತಕ್ಷಣ ಬಿಡಿಸುವುದು. ಇನ್ನೊಂದು ದಿನವೂ ತೆಗೆದುಕೊಂಡು ಬಾಯಿ ಮುಕ್ಕಳಿಸಬೇಕಾದದ್ದು. ಉಸಿರುನಾಳದ ಒಳಗೋಡೆ ಊದಿಕೊಂಡಿರುವುದೇ ಈ ರೋಗದ ಬೇರು. ಊತ ಇಳಿಸುವುದು ಎರಡನೆಯದು. ತಕ್ಷಣದ್ದೊಂದನ್ನೇ ನೆಚ್ಚಿಕೊಂಡಿರಬಾರದು ಎಂದು ಜಾಗತಿಕ ಮಾರ್ಗಸೂಚಿಯೇ 2019ರಲ್ಲಿ ಬದಲಾಯಿತು. ಆದರೆ ಚೆನ್ನಾಗಿರುವ ದಿನವೂ ಔಷಧಿ ತೆಗೆದುಕೊಳ್ಳುವವರನ್ನು ನಮ್ಮ ಊರು ಹೆಚ್ಚು ರೋಗಿಷ್ಟರು ಎಂದುಕೊಳ್ಳುತ್ತದೆ. ಗಂಡು ಹುಡುಕಲು ಶುರು ಮಾಡಿದ ಮೇಲೆ ಅವಳಮ್ಮ ಎರಡನ್ನೂ ಬೀರುವಿನೊಳಗಿಟ್ಟು ಬೀಗ ಹಾಕಿದಳು. ಕೇಳಿದಾಗ ಕೊಡುತ್ತಿದ್ದಳು, ಆದರೆ ದಿನವೂ ಕೇಳಲು ಹುಡುಗಿಗೆ ಸಂಕೋಚ.

ಹೋದ ಸಂಕ್ರಾಂತಿ ಕಳೆದ ಮೇಲೆ ಚನ್ನರಾಯಪಟ್ಟಣದ ಕಡೆಯಿಂದ ನೋಡಲು ಬಂದರು. ಊದುಬತ್ತಿ ಹಚ್ಚಿಟ್ಟಿದ್ದರು. ಕಾಫಿ ಕೊಟ್ಟು ಕೂತ ಹುಡುಗಿಯ ಭುಜ ಮೇಲೇರತೊಡಗಿತು. ಆ ಉಸಿರು ಯಾವುದೆಂದು ಆ ನಡುಮನೆಯಲ್ಲಿ ನನಗಷ್ಟೇ ಗೊತ್ತು. ಅವಳು ಎದ್ದು ಒಳಗೆ ಹೋದಳು. ಗಂಡಿನ ತಾಯಿ ನನ್ನ ಕಡೆ ತಿರುಗಿ, "ಹುಡುಗಿ ಆರೋಗ್ಯ ಎಲ್ಲ ಸರಿಯಾಗಿದೆ ಅಲ್ವಾ ಮೇಷ್ಟ್ರೇ?" ಎಂದರು. ನಾನು "ಹೂಂ ತಾಯಿ, ಏನೂ ತೊಂದರೆ ಇಲ್ಲ" ಎಂದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ವಿನಯ ಪಿಟಕದ ಮಹಾವಗ್ಗದಲ್ಲಿ ಬರುವ ರೋಗಿ ಭಿಕ್ಖುವಿನ ಪ್ರಸಂಗ ನಿಮಗೆಲ್ಲ ಗೊತ್ತು. ಭೇದಿಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದವನನ್ನು ಭಗವಾನರು ಆನಂದರ ಜೊತೆ ಸೇರಿ ತಾವೇ ತೊಳೆದು ಮಲಗಿಸಿದರು. ನಾವು ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲಿಸುತ್ತೇವೆ. ಮುಂದಿನ ಭಾಗ ರೋಗಿಯ ಕರ್ತವ್ಯದ್ದು. ಎಂಥ ರೋಗಿಯನ್ನು ನೋಡಿಕೊಳ್ಳುವುದು ಕಷ್ಟ ಎಂದು ಅಲ್ಲಿ ಹೇಳಿದೆ. ಪಥ್ಯ ಮಾಡದವನು, ಹಿತವಾದದ್ದರಲ್ಲೂ ಅಳತೆ ತಿಳಿಯದವನು, ಔಷಧಿ ತೆಗೆದುಕೊಳ್ಳದವನು, ನೋವು ತಾಳದವನು. ಜೊತೆಗೆ, ಹೆಚ್ಚಾಗಿದ್ದರೆ ಹೆಚ್ಚಾಗಿದೆ, ಕಡಿಮೆಯಾಗಿದ್ದರೆ ಕಡಿಮೆಯಾಗಿದೆ ಎಂದು ಇದ್ದದ್ದು ಇದ್ದಂತೆ ಹೇಳದವನು. ಅಂದರೆ ರೋಗವನ್ನು ಇದ್ದಂತೆ ಹೇಳುವುದೂ ಔಷಧಿ ತೆಗೆದುಕೊಳ್ಳುವಷ್ಟೇ ರೋಗಿಯ ಕೆಲಸ.

ಇದನ್ನು ಹುಡುಗಿಗೆ ಹೇಳಿದೆ. ಬೈಯಬೇಕೆಂದಲ್ಲ, ನನ್ನ ತಪ್ಪು ಒಪ್ಪಿಕೊಳ್ಳಲು. ಅವಳು ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ತಾನೇ ಗಂಡಿಗೆ ಫೋನ್ ಮಾಡಿ, ನನಗೆ ಉಬ್ಬಸ ಇದೆ, ದಿನವೂ ಔಷಧಿ ಬೇಕು, ತೆಗೆದುಕೊಂಡರೆ ಎಲ್ಲ ಕೆಲಸ ಮಾಡುತ್ತೇನೆ ಎಂದಳಂತೆ. ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡನಂತೆ. ಹದಿನೈದು ದಿನದ ಮೇಲೆ ಜಾತಕ ಕೂಡಿಬರಲಿಲ್ಲ ಎಂದು ಮಧ್ಯಸ್ಥರಿಂದ ಹೇಳಿಸಿದರು.

ತಮ್ಮ ಬಂದು ಜಗಲಿಯ ಮೇಲೆ ಕೂತ. "ನಿನ್ ಪುಸ್ತಕ ನೀನೇ ಇಟ್ಕಬೇಕಿತ್ತು ಕಣಣ್ಣ. ನೋಡಿಕೊಳ್ಳೋರಿಗೆ ಹೇಳು ಅಂತ ತಾನೇ ಅದ್ರಲ್ಲಿರೋದು? ಅವರಿನ್ನೂ ಯಾರೋ ಆಗಿದ್ರಲ್ಲ" ಎಂದ.

ತಮ್ಮ ಓದಿದವನಲ್ಲ, ಆದರೆ ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದ. ವಿನಯದಲ್ಲಿ ಇರುವುದು ಹಿತ ಬಯಸುವ ಶುಶ್ರೂಷಕನಿಗೆ ಹೇಳು ಎಂದು. ಊರಿಗೆಲ್ಲ ಸಾರು ಎಂದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ನನ್ನ ಎದೆಯ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಗಾಡಿ ತೆಗೆದು ಹಾಸನದ ಆಸ್ಪತ್ರೆಗೆ ಓಡಬೇಕಾದವನು ಯಾರು? ಗಂಡನಾಗುವವನು. ಮದುವೆಯ ಮಾರನೇ ದಿನದಿಂದ ಅವನೇ ಶುಶ್ರೂಷಕ. ಅವನಿಗೆ ತಿಳಿಸದೆ ಆ ಕೆಲಸಕ್ಕೆ ಹಚ್ಚುವುದು ಮೋಸ. ಬಚ್ಚಿಟ್ಟ ಇನ್‌ಹೇಲರ್ ಬೇಕಾದಾಗ ಕೈಗೆ ಸಿಗದೆ ಹೋದರೆ ಆ ಮೋಸದ ಬೆಲೆ ಉಸಿರೇ. ಇದರಲ್ಲಿ ನನಗೆ ಅನುಮಾನವಿಲ್ಲ.

ಅನುಮಾನ ಇರುವುದು ಬೇರೆ ಕಡೆ. ನನ್ನ ಮದುವೆಯಲ್ಲಿ ಯಾರೂ ನನ್ನ ಆರೋಗ್ಯ ವಿಚಾರಿಸಲಿಲ್ಲ. ಗಂಡಸಿನ ದಮ್ಮು ನನ್ನ ಹೆಂಡತಿಗೆ ತಿಳಿದದ್ದು ಮೊದಲ ಮಾಗಿಯಲ್ಲಿ. ಅವಳು ಬೆನ್ನು ನೀವಿದಳು, ಬಿಸಿನೀರು ಕಾಯಿಸಿದಳು, ಅಷ್ಟೇ. ಅವತ್ತು ಆ ಹುಡುಗನ ಬಗ್ಗೆಯೂ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಸತ್ಯವನ್ನು ಹುಡುಗಿಯರಿಂದ ಮಾತ್ರ ವಸೂಲು ಮಾಡುವ ಊರಿನಲ್ಲಿ, ವರ್ಷಗಟ್ಟಲೆ ಬಚ್ಚಿಟ್ಟು ಆರಾಮವಾಗಿ ನಿವೃತ್ತನಾದ ನಾನು ಇಪ್ಪತ್ತಾರರ ಹುಡುಗಿಗೆ ಸತ್ಯದ ಪಾಠ ಹೇಳಿದೆ. ಬೆಲೆ ಕೊಟ್ಟವಳು ಅವಳು. ಇದು ಸರಿಯೇ ಎಂದು ತಮ್ಮ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಅವನು ಕೇಳಲಿಲ್ಲ. ಈಗ ಮಾತು ಕಡಿಮೆಯಾಗಿದೆ.

ಹೋದ ಜನ್ಮದ ಕರ್ಮ ಎಂದು ಹುಡುಗಿಯ ತಾಯಿ ಅತ್ತಳು. ಎಲ್ಲ ವೇದನೆಗೂ ಹಿಂದಿನ ಕರ್ಮವೇ ಕಾರಣ ಎಂಬುದನ್ನು ಭಗವಾನರು ಸೀವಕನಿಗೆ ಒಪ್ಪಲಿಲ್ಲ, ಪಿತ್ತ, ಕಫ, ವಾತ, ಋತುವಿನ ಬದಲಾವಣೆ ಎಂದೆಲ್ಲ ಕಾರಣಗಳನ್ನು ಬೇರೆಬೇರೆಯಾಗಿ ಎಣಿಸಿದರು ಎಂದು ಅವಳಿಗೆ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ. ಬೀರುವಿನ ಬೀಗ ಮಾತ್ರ ತೆಗೆದಿದ್ದಾಳೆ. ಎರಡು ಇನ್‌ಹೇಲರೂ ಈಗ ಕನ್ನಡಿಯ ಪಕ್ಕ, ಬಾಚಣಿಗೆಯ ಜೊತೆ ಇವೆ.

ನಾನು ನನ್ನದನ್ನು ಅಂಗಿಯ ಮೇಲುಜೇಬಿನಲ್ಲಿ ಇಡುತ್ತಿದ್ದೇನೆ, ಪೆನ್ನಿನ ಪಕ್ಕ. ಮೊನ್ನೆ ಹಾಲಿನ ಡೇರಿ ಹತ್ತಿರ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ನೋಡಿ ನಿಂತ. ಅತ್ತಿತ್ತ ನೋಡಿ ತನ್ನ ಪ್ಯಾಂಟಿನ ಜೇಬಿನಿಂದ ಅಂಥದ್ದೇ ಒಂದನ್ನು ಅರ್ಧ ಹೊರಗೆಳೆದು ತೋರಿಸಿ, ಮತ್ತೆ ಒಳಗೆ ತಳ್ಳಿದ.

ನಾಳೆ ಗಿರಿಮಾನಂದ ಸುತ್ತ ಓದೋಣ. ಅದರ ರೋಗಗಳ ಪಟ್ಟಿಯಲ್ಲಿ ಕೆಮ್ಮು, ಉಬ್ಬಸ ಎರಡೂ ಇವೆ. ಪುಸ್ತಕ ಇರುವವರು ತನ್ನಿ.