ಬಿಟ್ಟ ಬಿಳಿ

(ಕೋಡ್ಲಾ ಸಮೀಪ ಕೆಲಸ ನಿಂತ ಒಂದು ಪರ್ಸಿ ಹಾಸುಗಲ್ಲಿನ ಗಣಿ. ತಗ್ಗಿನಲ್ಲಿ ಮಳೆನೀರು. ಡ್ರಾಯಿಂಗ್ ಮಾಸ್ತರರೂ ಶಿಷ್ಯೆಯೂ ಜಲವರ್ಣಕ್ಕೆ ಕೂತಿದ್ದಾರೆ.)

ಶಿಷ್ಯೆ: ಸರ್, ನೀರಿನ ಮ್ಯಾಲಿನ ಹೊಳಪು ಬರವಲ್ದು. ಬಿಳಿ ಹಚ್ಚಿದ್ರ ಸುಣ್ಣ ಬಳದಂಗ ಕಾಣ್ತದ.

ಮಾಸ್ತರ: ಹಾಳಿಯ ಬಿಳಿನೇ ನಿನ್ನ ಬೆಳಕು. ಅದನ್ನ ಮುಚ್ಚಿ ಮತ್ತ ಎಲ್ಲಿಂದ ತರ್ತಿ? ಬೆಳಕಿನ ಜಾಗ ಬಿಟ್ಟು, ತೆಳ್ಳನ ಪದರದ ಮ್ಯಾಲ ಪದರ ಹಚ್ಚು.

ಶಿಷ್ಯೆ: ಪದರ ಯಾಕ್ರಿ? ಬಣ್ಣ ಸರಿಯಾಗಿ ಕಲಸಿ ಒಮ್ಮೆಲೇ ಹಚ್ಚಿದ್ರ ಮುಗೀತಲ್ಲ?

ಮಾಸ್ತರ: ಆ ಗಣಿ ಗ್ವಾಡಿ ನೋಡು. ಮ್ಯಾಲ ಕರಿ ಎರಿಮಣ್ಣು, ಕೆಳಗ ಸುಣ್ಣಕಲ್ಲು. ಒಂದು ಕಾಲಕ್ಕ ಇಲ್ಲಿ ಆಳ ಇಲ್ಲದ ಸಮುದ್ರ ಇತ್ತು. ಕೆಸರು ಒಂದರ ಮ್ಯಾಲೊಂದು ಕೂತು ಕಲ್ಲಾತು. ಅದಕ್ಕೇ ಶಹಾಬಾದ್ ಪರ್ಸಿ ಸೀಳಿದ್ರ ಸಪಾಟಾಗಿ ಏಳ್ತದ. ಬೂದು ಅಂತೀವಿ, ದಿಟ್ಟಿಸಿದ್ರ ಒಂದು ಪದರ ನೀಲಿ ಛಾಯೆ, ಒಂದು ಹಳದಿ, ಒಂದು ನಸುಗೆಂಪು. ನೀನೂ ಹಂಗೇ ಹೋಗು. ಮೊದಲ ತೆಳ್ಳನ ಯೆಲ್ಲೋ ಓಕರ್. ಬಿಸಿಲು ಬಿದ್ದ ಅಂಚು ಬಿಡು. ಪೂರಾ ಆರಿದ ಮ್ಯಾಲ ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಕೂಡಿಸಿ ನೆರಳು ಹಚ್ಚು. ಅಲ್ಟ್ರಾಮರೀನಿನ ಕಣ ಹಾಳಿಯ ತಗ್ಗಿನಾಗ ಕೂತು ತಾನೇ ಕಲ್ಲಿನ ತರಿ ಮಾಡ್ತದ. ಬೆಳಕು ಈ ತೆಳು ಪದರ ದಾಟಿ, ಹಾಳಿಗೆ ಬಡದು, ತಿರುಗಿ ಕಣ್ಣಿಗೆ ಬರ್ತದ. ಎಲ್ಲಾ ಕಲಸಿ ದಪ್ಪಗ ಬಳದ್ರ ಆ ದಾರಿನೇ ಬಂದ್.

ಶಿಷ್ಯೆ: ಹಂಗಾದ್ರ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು? ಗೌಶ್‌ನಾಗ ಸಿನಿಮಾ ಷೋಕಾರ್ಡ್ ಮಾಡಿದ್ರಲ್ಲ, ಅಲ್ಲಿ ಬೆಳಕಿಲ್ಲೇನು?

ಮಾಸ್ತರ: ಭರ್ಜರಿ ಅದ! ಗೌಶ್ ಮುಚ್ಚೋ ಬಣ್ಣ. ಅಲ್ಲಿ ಬೆಳಕು ಕಡೀಗೆ ಮ್ಯಾಲಿಂದ ಇಡಬಹುದು. 1916ರಾಗ ಹುಟ್ಟಿದ ಪಂಡಿತರು ಮುಂಬೈದಾಗ ಹೆಸರು ಮಾಡಿದ್ದೇ ದೂರದಿಂದ ಕಣ್ಣು ಸೆಳೆಯೋ ಚಿತ್ರದಿಂದ. ಅವರ ಬಗ್ಗೆ ಮಾತಾಡ್ಕೋತ ಕೂತ್ರ ನಿನ್ನ ನೀರು ಹಂಗೇ ಉಳೀತದ. ಹಾಳಿ ಹಸಿ ಇದ್ದಾಗಲೇ ಗ್ವಾಡಿಯ ಪ್ರತಿಬಿಂಬ ಇಳಿಸು. ಬಿಸಿಲಿನ ಕಲ್ಲಿಗಿಂತ ಅದರ ಬಿಂಬ ಒಂದು ಚೂರು ಮಬ್ಬಿರಲಿ.

ಶಿಷ್ಯೆ: ಪದರ ಆರೋದ್ರಾಗ ಬಿಸಿಲೇ ಸರೀತದಲ್ರಿ. ಎದುರಿಗಿಲ್ಲದ ಬೆಳಕು ಬರೆಯೋದು ಸುಳ್ಳಲ್ಲೇನು?

ಮಾಸ್ತರ: ಸರಿಯಾದ ಪ್ರಶ್ನಿ. ಅದಕ್ಕೇ ಮೊದಲ ಪದರಕ್ಕಿಂತ ಮೊದಲ ನಿಶ್ಚಯ ಆಗಬೇಕು, ಯಾವ ಹೊತ್ತಿನ ಬಿಸಿಲು ಅಂತ. ಬಿಟ್ಟ ಬಿಳಿ ನೀ ಕೊಟ್ಟ ಮಾತು. ಆಮ್ಯಾಲ ಸೂರ್ಯ ಎತ್ತ ಹೋದ್ರೂ ನೀ ಅಲ್ಲೇ ನಿಲ್ಲಬೇಕು. ಸರಿಯೋ ಬಿಸಿಲಿನ ಬೆನ್ನು ಹತ್ತಿದವರ ಚಿತ್ರದಾಗ ನಾಕು ಕಡೆ ನೆರಳು, ಎಲ್ಲೂ ಬೆಳಕಿಲ್ಲ.

ಶಿಷ್ಯೆ: ಬಿಡೋದು ತಪ್ಪಿದ್ರ?

ಮಾಸ್ತರ: ಬ್ಲೇಡಿನಿಂದ ಕೆರೆದ್ರ ನೀರಿನ ಮ್ಯಾಲ ಒಂದೆರಡು ಮಿಂಚು ಸಿಗ್ತಾವ. ಗ್ವಾಡಿ ಮ್ಯಾಲಿನ ಬಿಸಿಲು ಸಿಗಂಗಿಲ್ಲ. ಅದಕ್ಕ ಹೊಸ ಹಾಳಿನೇ ಬೇಕು.