ಇಂದಿನ ಧಮ್ಮ ಚಿಂತನೆ: ನೋವಿಗೂ ಮನೆಮಾತಿದೆ

 

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ನಾನಾ ಕುಲಗಳಿಂದ ಬಂದವರು ತಮ್ಮ ತಮ್ಮ ಮಾತಿನಲ್ಲಿ ಬುದ್ಧವಚನ ಕೆಡಿಸುತ್ತಿದ್ದಾರೆ, ಅದನ್ನು ಛಂದಸ್ಸಿಗೆ ಏರಿಸೋಣ ಎಂದು ಬ್ರಾಹ್ಮಣ ಕುಲದ ಇಬ್ಬರು ಭಿಕ್ಖುಗಳು ಕೇಳಿದರು. ಭಗವಾನರು ಒಪ್ಪಲಿಲ್ಲ. ಸ್ವಂತ ಮಾತಿನಲ್ಲೇ ಧಮ್ಮ ಕಲಿಯಲಿ ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆಗಳನ್ನು ಬೋಧಿಸಿದ್ದು ಜನರ ಮರಾಠಿಯಲ್ಲೇ.

ಧಮ್ಮ ಹೇಳುವುದಕ್ಕೆ ಸಲ್ಲುವ ಈ ಮಾತು ದುಃಖ ಕೇಳುವುದಕ್ಕೂ ಸಲ್ಲುತ್ತದೆ.

ಕೊರೊನಾ ಕಾಲವನ್ನು ನೆನೆಯಿರಿ. ಊರೆಲ್ಲ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನ ಪೌರಕಾರ್ಮಿಕರು ಪೊರಕೆ ಹಿಡಿದು ಬೀದಿಯಲ್ಲಿದ್ದರು. ಅವರಲ್ಲಿ ಅನೇಕರು ತೆಲುಗು, ತಮಿಳು ಮನೆಮಾತಿನ ದಲಿತ ಹೆಣ್ಣುಮಕ್ಕಳು. ಸೋಂಕಿನ ಭಯ, ಕೂಲಿಯ ಚಿಂತೆ, ಮುಖ ನೋಡಲಾಗದೆ ಕಳೆದುಕೊಂಡ ಆಪ್ತರು. ಸಂತೆ ವ್ಯಾಪಾರಕ್ಕೆ ಸಾಕಾಗುವ ಕನ್ನಡ ಇಂಥ ಸಂಕಟಕ್ಕೆ ಸಾಲದು. 'ಗುಂಡೆ ಬರುವುಗಾ ಉಂದಿ' ಎಂದು ತಾಯಿಯೊಬ್ಬಳು ಹೇಳಿದರೆ, ತೆಲುಗು ಅರಿಯದವರು ಇಸಿಜಿಗೆ ಚೀಟಿ ಬರೆದಾರು. ಅವಳ ಎದೆಯಲ್ಲಿ ಭಾರವಾಗಿ ಕೂತಿರುವುದು ದುಃಖ.

2020ರಲ್ಲಿ ನಿಮ್ಹಾನ್ಸ್ ಹಲವು ಭಾಷೆಗಳಲ್ಲಿ ಸಹಾಯವಾಣಿ ನಡೆಸಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಆರಂಭವಾಯಿತು. ಸಂಖ್ಯೆ 14416. ಕರೆ ಉಚಿತ, ಹಗಲಿರುಳೂ ಲಭ್ಯ, 20 ಭಾಷೆಗಳಲ್ಲಿ ಸೇವೆ. ಜಾತಿ, ಧರ್ಮದ ಭೇದವಿಲ್ಲದೆ ಮಾನಸಿಕ ಚಿಕಿತ್ಸೆ ಪಡೆಯುವುದು 2017ರ ಕಾಯ್ದೆ ಕೊಟ್ಟ ಹಕ್ಕು. ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವುದೂ ಹಕ್ಕೇ. ಇದು ಯಾರೂ ಕೊಡುವ ಭಿಕ್ಷೆಯಲ್ಲ.

ಆದರೆ ಗೋಡೆಯ ಮೇಲಿನ ಸಂಖ್ಯೆ ತಾನಾಗಿ ಮಾತಾಡುವುದಿಲ್ಲ. 'ಹುಚ್ಚಿ ಅಂದಾರು' ಎಂಬ ಅಂಜಿಕೆ ಕೈಯನ್ನು ತಡೆಯುತ್ತದೆ. ಅಂಗುತ್ತರ ನಿಕಾಯದಲ್ಲಿ ಭಗವಾನರು ಕಾಯದ ರೋಗ, ಚಿತ್ತದ ರೋಗ ಎಂದು ಎರಡನ್ನು ಹೇಳಿ, ಕ್ಷಣಕಾಲವೂ ಚಿತ್ತರೋಗವಿಲ್ಲದವರು ಲೋಕದಲ್ಲಿ ವಿರಳ ಎಂದಿದ್ದಾರೆ. ಅಂದಮೇಲೆ ಅದು ನಾಚಿಕೆಯೂ ಅಲ್ಲ, ಹಿಂದಿನ ಜನ್ಮದ ಶಿಕ್ಷೆಯೂ ಅಲ್ಲ.

ಇಂದಿನ ಅಭ್ಯಾಸ: ನಿಮ್ಮ ಬೀದಿಯಲ್ಲಿ ಮನೆಮಾತು ಬೇರೆಯಿರುವ ಒಬ್ಬರನ್ನು ಅವರ ಮಾತಿನಲ್ಲೇ 'ಹೇಗಿದ್ದೀರಿ' ಎಂದು ಕೇಳಿ. ಆ ಭಾಷೆ ಬಾರದಿದ್ದರೆ ಬಲ್ಲ ಉಪಾಸಿಕೆಯೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ತಾಯಿಯ ಅಳುವನ್ನು ಅನುವಾದಿಸುವ ಹೊರೆಯನ್ನು ಶಾಲೆಗೆ ಹೋಗುವ ಮಗುವಿನ ಮೇಲೆ ಹಾಕಬೇಡಿ. ಉಪದೇಶ ಬೇಡ, ಕಿವಿ ಸಾಕು. ಕೇಳಿದ್ದು ನಿಮ್ಮಲ್ಲೇ ಉಳಿಯಲಿ. ಅವರು ಒಪ್ಪಿದರೆ ಪಕ್ಕದಲ್ಲಿ ಕೂತು 14416ಕ್ಕೆ ಕರೆ ಮಾಡಿಸಿ. ವಿಹಾರದ ಫಲಕದಲ್ಲಿ ಈ ಸಂಖ್ಯೆಯನ್ನು ತೆಲುಗು, ತಮಿಳು, ಉರ್ದುವಿನಲ್ಲೂ ಬರೆಸೋಣ.

ಕರುಣೆ ಮೊದಲು ಕಲಿಯಬೇಕಾದ್ದು ಎದುರಿಗಿರುವವರ ಭಾಷೆಯನ್ನು.

ಭವತು ಸಬ್ಬ ಮಂಗಲಂ. ಜೈ ಭೀಮ್.